ಸರೀಕರು

ಬಾಯಾರು ಸುತ್ತಿನಲ್ಲಿ ಸುರಂಗಗಳು ಏಳು ಸಾವಿರ
ಎಂದು ಬರೆದಿದ್ದೆ, ಮೊದಲ ಅಧ್ಯಾಯದಲ್ಲೇ, ದಪ್ಪ ಅಕ್ಷರದಲ್ಲಿ.
ವಾರಿಜಾಕ್ಷಿ ಟೀಚರ್ ಅಂಚಿನಲ್ಲಿ ಕೆಂಪು ಶಾಯಿಯಿಂದ
ಒಂದೇ ಪದ ಬರೆದರು: ಆಧಾರ?

ಇತ್ತು ಆಧಾರ. ಹೊಳೆಯುವ ಹೆಸರಿನ ಜರ್ನಲ್ಲು,
ಹನ್ನೊಂದು ದೇಶದ ಸಂಪಾದಕರು, ಒಂದೇ ಜೀಮೇಲು.
ಎರಡೂವರೆ ಸಾವಿರ ಕಟ್ಟಿದರೆ ಮೂರು ದಿನದಲ್ಲಿ ಪ್ರಕಟ.
"ಮೂರು ದಿನದಲ್ಲಿ ಮಾವಿನಮಿಡಿಗೂ ಉಪ್ಪು ಹಿಡಿಯುವುದಿಲ್ಲ"
ಎಂದರು ಟೀಚರ್. "ಅಚ್ಚಿಗೆ ಮೊದಲು ಓದಿದ್ದು ಯಾರು?
ಬರೆದವನ ಸರೀಕರು?"

ಸರೀಕರು. ಆ ಮಾತು ನಮ್ಮ ಮನೆಯಲ್ಲಿ
ಮದುವೆ ಖರ್ಚಿನ ಹೊತ್ತಿಗೆ ಮಾತ್ರ ಬರುತ್ತಿತ್ತು.

ಕರೆಂಟು ಹೋದ ಮಧ್ಯಾಹ್ನ, ಲೈಬ್ರರಿಯ ಸೆಕೆಯಲ್ಲಿ
ಮೊಬೈಲಿನ ಬೆಳಕು ಹಿಡಿದು
ಅಡಿಟಿಪ್ಪಣಿಯಿಂದ ಅಡಿಟಿಪ್ಪಣಿಗೆ ತೆವಳಿದೆ.
ಜರ್ನಲ್ಲು ಎತ್ತಿದ್ದು ಒಂದು ಸೆಮಿನಾರ್ ಸಂಪುಟದಿಂದ,
ಸಂಪುಟ ಒಂದು ಸ್ಮರಣಸಂಚಿಕೆಯಿಂದ,
ಸಂಚಿಕೆ ಮಲಯಾಳ ಪತ್ರಿಕೆಯ ಭಾನುವಾರದ ಪುಟದಿಂದ.
ಪುಟದಲ್ಲೊಂದು ಫೋಟೋ, ಮಣ್ಣು ಮೆತ್ತಿದ ಬೋಳುತಲೆ:
ನಮ್ಮ ಬಸ್‌ಸ್ಟಾಪಿನ ಐತ್ತಪ್ಪ ಮೇಸ್ತ್ರಿ.

"ನಾನು ಹೇಳಿದ್ದಾ?" ನಕ್ಕರು.
"ಪೇಪರಿನ ಹುಡುಗ ಎಷ್ಟುಂಟು ಎಂದು ಕೇಳಿದ. ಬಸ್ಸು ಬಂತು.
ಬಾಯಿಗೆ ಬಂದದ್ದು ಹೇಳಿದೆ. ಯಾರು ಎಣಿಸಿದ್ದಾರೆ ಮಗಾ!"

ಆಮೇಲೆ ತಾನಾಗಿಯೇ, ಎಲೆಗೆ ಸುಣ್ಣ ಹಚ್ಚುತ್ತ:
"ನೀರಿನ ವಿಷಯ ಹಾಗಲ್ಲ.
ಇಪ್ಪತ್ತು ಕೋಲು ಕೊರೆದು, ನನಗೆ ಖಾತ್ರಿಯಾದ ಮೇಲೂ
ಜಾಗದವರಿಗೆ ಹೇಳುತ್ತಿರಲಿಲ್ಲ.
ಆಚೆ ಗುಡ್ಡೆಯ ಕುಂಞಂಬುವನ್ನು ಕರೆಸುತ್ತಿದ್ದೆ.
ನಮಗೆ ಮಾತಿಲ್ಲ, ಹನ್ನೆರಡು ವರ್ಷ.
ಅವ ಮೇಣದಬತ್ತಿ ಹಿಡಿದು ಒಳಗೆ ಹೋಗಿ
ಮುರಕಲ್ಲಿಗೆ ಕೈಬೆನ್ನು ತಾಗಿಸಿ ನೋಡಿ, ಹೊರಗೆ ಬಂದು
ನನಗಲ್ಲ, ಬುಟ್ಟಿ ಹೊರುವ ಹುಡುಗನಿಗೆ ಹೇಳುವುದು:
ಎರಡು ಕೋಲು ಎಡಕ್ಕೆ.
ಮೈಯೆಲ್ಲ ಉರಿಯುತ್ತಿತ್ತು. ಆದರೂ ಎಡಕ್ಕೇ ಕೊರೆದೆ."

ಸಿಕ್ಕಿತಾ?

"ಮೂರು ಸಲ ಸಿಕ್ಕಿತು. ಒಂದು ಸಲ ಅವನಿಗೂ ತಪ್ಪಿತು.
ಆವತ್ತು ನಾನು ನಗಲಿಲ್ಲ."

ರಾತ್ರಿ ಏಳು ಸಾವಿರವನ್ನು ಅಳಿಸಿದೆ.
ಆ ಜಾಗದಲ್ಲಿ ಬರೆದೆ: ಎಣಿಸಿದವರಿಲ್ಲ.
ಅಡಿಯಲ್ಲಿ ಮೇಸ್ತ್ರಿಯ ಹೆಸರು, ತಾರೀಕು,
ಆ ಮೇಣದಬತ್ತಿಯ ಸಂಗತಿ.

ಸೋಮವಾರ ತಿರುಗಿ ಬಂತು ಪ್ರತಿ.
ಅದೇ ಅಂಚು, ಅದೇ ಕೆಂಪು,
ಈ ಸಲ ಎರಡು ಪದ:
ಕುಂಞಂಬುವನ್ನೂ ಕೇಳು.