ಬೂಷ್ಟು

ಮದುವೆಯಾದ ಮೂರನೆಯ ಬೆಳಗು
ಅಲ್ತಾಯ್ ತಪ್ಪಲಿನ ಡೇರೆಯಲ್ಲಿ
ಚಹದ ಇಟ್ಟಿಗೆಯ ಮೂಲೆ ಮುರಿದೆ.
ಒಳಗೆಲ್ಲ ಹಳದಿ ಚುಕ್ಕೆ.
ಬೂಷ್ಟೆಂದು
ಚೂರುಚೂರನ್ನೂ ಹೆರೆದೆ, ಉಫ್ ಎಂದು ಊದಿದೆ.

ಅತ್ತೆ ಕುಲ್ಯಾಶ್ ಬಯ್ಯಲಿಲ್ಲ.
‘ಹುನಾನಿನಲ್ಲಿ ಯಾರೋ ತಿಂಗಳು ಬೆಚ್ಚಗಿಟ್ಟು
ಅರಳಿಸಿದ ಹೂವು ಕಣೇ.’

ಉಳಿದ ಇಟ್ಟಿಗೆಯ ಅಂಚಿಗೆ ದಬ್ಬಣವಿಟ್ಟು
ಪದರ ಹುಡುಕಿದಳು:
ಕುಟ್ಟಬೇಡ, ಬಿಡಿಸು.
ಮೊದಲ ನೀರು ಚೆಲ್ಲು.
ಎರಡನೆಯದು ಕುದಿಯಲಿ,
ಕುದುರೆಗಳು ಹೊಳೆಗೆ ಹೋಗಿ ಬರುವಷ್ಟು ಹೊತ್ತು.
ಹಾಲು ಆಮೇಲೆ.
ಉಪ್ಪು, ನಾಲಿಗೆಗೆ ಅನುಮಾನ ಬರುವಷ್ಟೇ.

ನೆಂಟರಿಗೆಲ್ಲ ಅದನ್ನು ಬಗ್ಗಿಸಿ
ನಾನು ಹೆರೆದ ಚೂರುಗಳನ್ನು
ಸಣ್ಣ ಪಾತ್ರೆಯಲ್ಲಿ ತನಗೆಂದು ಕುದಿಸಿಕೊಂಡಳು.

ನನ್ನ ಉಗುರ ಸಂದಿಯಲ್ಲಿನ್ನೂ ಹಳದಿ.
ಅವಳು ಸಗಣಿಬೆರಣಿಗೆಂದು ಅತ್ತ ತಿರುಗಿದಾಗ
ಆ ಬಟ್ಟಲಲ್ಲಿ
ಬೆರಳದ್ದಿದೆ.