ದೆತಿಸ್, ಬೌವ, ದಪ್ಪನ್

ಹೊಲಿಗೆಯಂತ್ರ ಬಾಯಿ ಮುಚ್ಚಿತೆಂದರೆ
ಆಂಟಿ ಫಾಲ್ದೀಲಾ ಬಾಯಿ ತೆರೆದಳೆಂದೇ ಲೆಕ್ಕ.
ಕೇಪ್‌ಟೌನಿನ ಏರುಬೀದಿ, ಹಳದಿ ಮನೆಯ ಮುಂಗೋಣೆ,
ಮೊಳೆಗೆ ತೂಗುಬಿಟ್ಟ ಅರ್ಧ ಹೊಲಿದ ಮದುವೆಯ ನಿಲುವಂಗಿ,
ಅದರಡಿ ಚಾಪೆಯ ಮೇಲೆ ಏಳು ಜನ,
ಯಾರಿಗೂ ಐದು ತುಂಬಿಲ್ಲ.
ಒಬ್ಬನ ಟೋಪಿ ಅಣ್ಣನದು, ಕಣ್ಣಿಗಿಳಿಯುತ್ತದೆ.
ಮೈಮೂನಾ, ಹೆಸರು ಕರೆದರೆ ಸಾಕು, ಅಳುತ್ತಾಳೆ.

ದಾರ ಪೋಣಿಸುವಾಗ ಬಿಸ್ಮಿಲ್ಲಾ,
ಬಿಸ್ಕೀಟು ಮುರಿಯುವಾಗ ಬಿಸ್ಮಿಲ್ಲಾ,
ಇಗ್ಸಾನ್ ಸೀನುವ ಮುಂಚೆಯೂ ಹೇಳಿ
ಸೀನು ಬಾರದೆ ಕಾಯುತ್ತ ಕೂರುತ್ತಾನೆ.

ಹೆಣಿಗೆಕಡ್ಡಿಯ ತುದಿ ಅಕ್ಷರದ ಮೇಲೆ.
ಇದು ಅಲಿಫ್, ನೆಟ್ಟಗೆ ನಿಂತ ಸೂಜಿ.
ಇದು ಬಾ, ದೋಣಿ; ಕೆಳಗೆ ಬಿದ್ದದ್ದು ಗುಂಡಿ.
'ಯಾರ ಅಂಗಿಯದು?'
ನಿನ್ನದೇ ಇರಬೇಕು, ನೋಡಿಕೋ.
ಅವನು ನಿಜಕ್ಕೂ ನೋಡಿಕೊಳ್ಳುತ್ತಾನೆ.

ಆಮೇಲೆ ಬಾಯಿಪಾಠ,
ತಲಕಟ್ಟು ಗುಡಿಸು ಕೊಂಬು ಒಪ್ಪಿಸುವ ಧಾಟಿಯಲ್ಲೇ,
ಮೈ ಹಿಂದೆ ಮುಂದೆ ತೂಗುತ್ತ:
ಅಲಿಫ್ ದೆತಿಸ್ ಅ
ಅಲಿಫ್ ಬೌವ ಇ
ಅಲಿಫ್ ದಪ್ಪನ್ ಉ.
'ದೆತಿಸ್ ಅಂದರೇನು?'
ದೆತಿಸ್ ಅಂದರೆ ದೆತಿಸ್. ಹೇಳು.

ಅವಳಿಗೂ ಗೊತ್ತಿರಲಿಲ್ಲ. ಅವಳಜ್ಜಿಗೂ.
ಆ ಅಜ್ಜಿಯ ಅಜ್ಜಿಯ ಆಚೆ ಯಾರನ್ನೋ
ಹಡಗಿನಿಂದ ಇಳಿಸಿ ಮಾರಿದವರು
ಹಲ್ಲು ಎಣಿಸಿದ್ದರು,
ನಾಲಗೆಯ ಅಡಿಯಲ್ಲಿ ಹುಡುಕಿರಲಿಲ್ಲ.

ಒಂದು ಜುಲೈ ತಿಂಗಳ ಚಳಿಗೆ
ಕೋಟಿನ ಜೇಬು ಹೊಲಿಸಲು ಬಂದ ಜಾವಾದ ನಾವಿಕ
ಬಾಗಿಲಲ್ಲೇ ನಿಂತುಬಿಟ್ಟ.
ಮೊದಲು ನಕ್ಕ. ಆಮೇಲೆ ನಗಲಿಲ್ಲ.
'ಸವೆದುಹೋಗಿದೆ, ಆದರೆ ನಮ್ಮ ಮಾತೇ.
ಮೇಲೆ. ಕೆಳಗೆ. ಮುಂದೆ.
ಬೆಕ್ಕು ಅಟ್ಟದ ಮೇಲಿದೆ ಅನ್ನುವುದಕ್ಕೂ
ನನ್ನ ಮಗಳು ಅದನ್ನೇ ಅನ್ನುತ್ತಾಳೆ.'
ಹೊಲಿಗೆಯ ದುಡ್ಡು ಕೇಳುವುದು ಅವಳಿಗೆ ಮರೆತಿತು.
ಅವನಿಗೂ ಕೊಡುವುದು.

ಆ ರಾತ್ರಿ ನಮಾಜಿನಲ್ಲಿ ಹಣೆ ಚಾಪೆಗೆ ತಗುಲಿದಾಗ
ಬೌವ, ಅಂದಿತು ಒಳಗೆ ಏನೋ.
ತಪ್ಪಾಯಿತೆಂದು ಎರಡು ರಕಾತು ಮತ್ತೆ ಮಾಡಿದಳು.

ಮರುದಿನ ಇಗ್ಸಾನ್ ಬಿಡಲಿಲ್ಲ.
'ದೆತಿಸ್ ಅಂದರೇನು?'
ಕಡ್ಡಿ ಅಲಿಫಿನ ನೆತ್ತಿಯಲ್ಲಿ ನಿಂತಿತು.
ಮೇಲೆ, ಅಂದಳು.
ಏಳು ತಲೆ ಮೇಲೆದ್ದವು. ಒಂದು ಟೋಪಿ ಹಿಂದಕ್ಕೆ ಬಿತ್ತು.
'ಜೇಡ ಇದೆ.'
ಇರಲಿ. ಅದನ್ನೂ ಇಟ್ಟವನು ಅವನೇ.
'ಅದಕ್ಕೂ ಬಿಸ್ಮಿಲ್ಲಾ ಬರುತ್ತಾ?'

ಉತ್ತರಕ್ಕೆ ಮುಂಚೆ ಗುಡ್ಡದ ಮೇಲೆ
ಹನ್ನೆರಡರ ತೋಪು ಹಾರಿತು.
ಗಾಜು ನಡುಗಿತು, ನಿಲುವಂಗಿ ಅಲುಗಿತು,
ದಿನವೂ ಕೇಳುವ ಸದ್ದಿಗೆ ದಿನವೂ ಬೆಚ್ಚುವ ಮಕ್ಕಳು ಬೆಚ್ಚಿದವು.
ಎಲ್ಲಿದ್ದೆವು? ಕೇಳಿದಳು ಆಂಟಿ ಫಾಲ್ದೀಲಾ.
ಯಾರಿಗೂ ನೆನಪಿಲ್ಲ.
ಯಾರೂ ಕರೆಯದಿದ್ದರೂ ಮೈಮೂನಾ,
ಮೂಗು ಒರೆಸಿಕೊಂಡು,
'ದಪ್ಪನ್' ಅಂದಳು.