ಇದೆ, ಇಲ್ಲಿಲ್ಲ

ಒಂಬತ್ತು ಸಂಪುಟ. ಈ ಕಡಲಿನ ಚಿಪ್ಪು, ಏಡಿ, ಪಾಚಿ,
ಲ್ಯಾಟಿನ್ನಿನಲ್ಲಿ ಮಾತ್ರ ಹೆಸರಿರುವ ಹುಳಹುಪ್ಪಟೆ.
ಕಾರವಾರದ ನನ್ನ ಲೈಬ್ರರಿ ವರ್ಷದ ಅನುದಾನವೆಲ್ಲ ಸುರಿದರೂ
ಮೂರನೆಯದಕ್ಕೇ ಕೈ ಖಾಲಿ.
ಕುಮಟೆಯ ಶಾನಭಾಗರಿಗೆ ಫೋನು ಮಾಡಿದರೆ
ಅವರ ಮೇಜಿನ ಮೇಲೂ ಅದೇ ಬೆಲೆಪಟ್ಟಿ, ಅದೇ ನಿಟ್ಟುಸಿರು.

"ಕೂಡಿ ಕೊಳ್ಳುವಾ" ಅಂದದ್ದು ಯಾರು ಮೊದಲು, ನೆನಪಿಲ್ಲ.
ರಂಪಣಿ ಎಳೆದ ದಂಡೆ ಇದು:
ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು,
ಸುಮ್ಮನೆ ನಿಂತ ಮುದುಕಿಯ ಬುಟ್ಟಿಗೂ ನಾಲ್ಕು ಬಂಗಡೆ.
ಬಂಗಡೆಯನ್ನಾದರೆ ಹಂಚಬಹುದು.

ಹೊನ್ನಾವರದ ಎಸ್ತೆಲ್ಲಾ ಬಂದಳು. ಶಿರಸಿಯ ಅರಣ್ಯ ಕಾಲೇಜೂ ಬಂತು,
ಕಡಲೇ ಇಲ್ಲದವರು;
"ಕಾಂಡ್ಲಾ ಮರವೂ ಮರವೇ ಅಲ್ಲವೋ?" ಎಂದು ವಾದ.
ಟಿಫಿನ್ ಡಬ್ಬಿಯಲ್ಲಿ ಒಂಬತ್ತು ಚೀಟಿ ಕುಲುಕಿ ಎತ್ತಿದೆವು.
ಎಸ್ತೆಲ್ಲಾಗೆ ಬಳಚು, ನನಗೆ ಏಡಿ, ಸಿಗಡಿ.
ಕೊನೆಯದು, ಯಾವುದು ಎಲ್ಲಿದೆಯೆಂದು ಹೇಳುವ ಸೂಚಿ,
ಎಲ್ಲರೂ ಒಳಗೊಳಗೇ ಬಯಸಿದ್ದು,
ಘಟ್ಟ ಹತ್ತಿ ಹೋಯಿತು.

ಈಗ ಕಿಟಕಿಯಾಚೆ ಅಲೆ ಕೇಳುತ್ತ
ಕಡಲೊಳಗೆ ಏನೇನಿದೆ ಎಂದು ಶಿರಸಿಯನ್ನು ಕೇಳುತ್ತೇನೆ.
ಅಲ್ಲಿಯ ಮಾಬ್ಲ ಲ್ಯಾಟಿನ್ನನ್ನು
ಔಷಧಿ ಚೀಟಿಯಂತೆ ಬಿಡಿಸಿ ಬಿಡಿಸಿ ಓದುತ್ತಾನೆ,
ನಡುವೆ ಒಮ್ಮೆ: "ಇದನ್ನ ತಿಂತ್ರಾ ಅಕ್ಕಾ?"

ನಮ್ಮ ಪಟ್ಟಿಯಲ್ಲಿ ಆರು ಸಾಲಿನ ಮುಂದೆ ಬರೆದಿದ್ದೇನೆ:
ಇದೆ, ಇಲ್ಲಿಲ್ಲ.
ಇದನ್ನು ಓದಿ ಸಿಟ್ಟಾಗದವಳು ಸುಲಕ್ಷಾ ಹರಿಕಂತ್ರ ಒಬ್ಬಳೇ.
"ಬರ್ತದಲ್ಲ?" ಅಂದಳು. ಬರ್ತದೆ ಅಂದೆ.
ಒಂಬತ್ತನೇ ದಿನ ಬಂತು ಹೊನ್ನಾವರದ ನಾಲ್ಕನೇ ಸಂಪುಟ,
ಕಂಡಕ್ಟರನ ಸೀಟಿನಡಿ, ಎರಡು ಪ್ಲಾಸ್ಟಿಕ್ ಸುತ್ತಿ,
ಒಣಮೀನಿನ ವಾಸನೆ ಹೊತ್ತು.

ಸಂಜೆತನಕ ಒಂದೇ ಪುಟ ನೋಡಿದಳು.
ಹೋದ ಮೇಲೆ ತೆರೆದರೆ, ಚಿತ್ರದ ಪಕ್ಕ ಪೆನ್ಸಿಲಿನಲ್ಲಿ
ಲ್ಯಾಟಿನ್ನಲ್ಲದ ಒಂದು ಹೆಸರು,
ಕೆಳಗೆ ಸಣ್ಣಗೆ: "ನಮ್ಮಜ್ಜಿ ಹೇಳಿದ್ದು".

ರಬ್ಬರು ಕೈಗೆತ್ತಿಕೊಂಡೆ.
ದಂಡ ಹಾಕಬೇಕು, ನಿಯಮ ನಾನೇ ಬರೆದದ್ದು.
ಆದರೆ ಪುಸ್ತಕ ನಾಲ್ವರದು;
ಅಳಿಸಲೂ ನಾಲ್ವರ ಸಹಿ ಬೇಕು.
ಶಾನಭಾಗರು ನಿವೃತ್ತಿಯ ರಜೆಯಲ್ಲಿದ್ದಾರೆ,
ಎಸ್ತೆಲ್ಲಾ "ಇರಲಿ ಬಿಡು" ಅಂದಳು.

ಶಿರಸಿಗೆ ಫೋನು ಹಚ್ಚಿ ಆ ಹೆಸರು ಹೇಳಿದೆ.
ಮಾಬ್ಲ ಎರಡು ಸಲ ಹೇಳಿಸಿಕೊಂಡ.
ಪುಟ ಮಗುಚುವ ಸದ್ದು.
"ಯಾವ ಅಕ್ಷರದ ಕೆಳಗೆ ಬರೀಲಿ ಅಕ್ಕಾ,
ಇಲ್ಲಿ ಕನ್ನಡಕ್ಕೆ ಜಾಗವೇ ಬಿಟ್ಟಿಲ್ಲ."